ಬಿಚ್ಚಿದ ಮೆಷಿನ್ನು, ಬಿಟ್ಟ ಬಾಯಿ

ಇನ್ನು ಮುಂದೆ ಈ ಮನೆಯಲ್ಲಿ ಒಂದು ಜೊತೆ ಕಣ್ಣಾದರೂ ಕ್ಯಾಮೆರಾದ ಹಂಗಿಲ್ಲದೆ ಬಾಳಬೇಕು, ಆ ಕಣ್ಣು ನನ್ನದೇ ಆಗಿರಬೇಕು ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಘೋರ ಪ್ರತಿಜ್ಞೆ ಮಾಡಿದೆ!

ಪ್ರತಿಜ್ಞೆಗೆ ಕಾರಣ ನನ್ನ ಅತ್ತೆ. ಅಂದರೆ ನನ್ನ ಹೆಂಡತಿಯ ತಾಯಿ. ಎಪ್ಪತ್ತಾರು ದಾಟಿದೆ, ನಮ್ಮ ಜೊತೆಗೇ ಇದ್ದಾರೆ. ನಾನೋ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುವವನು. ಇಪ್ಪತ್ತೆಂಟು ವರ್ಷಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೊಂಬು, ದೀರ್ಘ, ಒತ್ತುಗಳನ್ನು ಕಾಯುತ್ತಾ ಬಂದಿದ್ದೇನೆ. 'ಅಧ್ಯಕ್ಷರು ರೋಗಿಗಳಿಗೆ ಹುಣ್ಣು ಹಂಚಿದರು' ಎಂದು ಇನ್ನೇನು ಅಚ್ಚಾಗಲಿದ್ದಾಗ, ಕೊನೆಯ ಗಳಿಗೆಯಲ್ಲಿ ಒಂದು ಕೊಂಬು ಕಿತ್ತು 'ಹಣ್ಣು' ಮಾಡಿ, ಅಧ್ಯಕ್ಷರ ಮಾನವನ್ನೂ ರೋಗಿಗಳ ಆರೋಗ್ಯವನ್ನೂ ಒಟ್ಟಿಗೇ ಉಳಿಸಿದ ಮಹಾನುಭಾವ ನಾನು! ಕಚೇರಿಯಲ್ಲಿ ನನ್ನನ್ನು 'ಹದ್ದು' ಎನ್ನುತ್ತಾರೆ. ಕಣ್ಣಿನ ಕಾರಣಕ್ಕೇ ಇರಬೇಕು, ಮೂಗಿನ ಕಾರಣಕ್ಕಲ್ಲ ಎಂದು ನಂಬಿದ್ದೇನೆ.

ಅತ್ತೆಯ ಕೈಗೆ ಸ್ಮಾರ್ಟ್‌ಫೋನು ಬಂದು ಎರಡು ವರ್ಷವಾಯಿತು. ಅವರು ಅದರಲ್ಲಿ ಮಾತಾಡುವುದು ಕಡಿಮೆ, ಫೋಟೋ ತೆಗೆಯುವುದೇ ಹೆಚ್ಚು. ಮಾತ್ರೆ ನುಂಗುವ ಮೊದಲು ಅಂಗೈ ಮೇಲಿಟ್ಟು ಒಂದು ಫೋಟೋ. ಮನೆ ಬಿಡುವ ಮೊದಲು ಗ್ಯಾಸಿನ ಗುಬ್ಬಿಯದೊಂದು, ಬಾಗಿಲ ಬೀಗದ್ದೊಂದು. ಬಸ್ಸು ಹತ್ತುವ ಮೊದಲು ಬಸ್ಸಿನ ನಂಬರಿನದು. ದಾರಿಯಲ್ಲಿ "ಬೀಗ ಹಾಕಿದ್ನಾ ಇಲ್ವಾ" ಎಂದು ನಾನು ಬೆವರುತ್ತಾ ಕೂತಿದ್ದರೆ, ಅವರು ಫೋನು ತೆಗೆದು ಬೀಗವನ್ನು ನೋಡಿ ನೆಮ್ಮದಿಯಾಗಿ ನಿದ್ದೆ ಹೋಗುತ್ತಾರೆ!

ಇರಲಿ, ಅದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಆ ಭಾನುವಾರ ಅವರು ಪತ್ರಿಕೆಯ ಫೋಟೋ ತೆಗೆದು, ಎರಡು ಬೆರಳಲ್ಲಿ ಅಕ್ಷರಗಳನ್ನು ಕುಂಬಳಕಾಯಿ ಗಾತ್ರಕ್ಕೆ ಹಿಗ್ಗಿಸಿ ಓದುತ್ತಿದ್ದವರು ತಟ್ಟನೆ ನಿಲ್ಲಿಸಿದರು.

"ಅಳಿಯಂದ್ರೇ, ನಿನ್ನೆ ಈ ಪುಟ ನೋಡಿದ್ದು ಯಾರು?"

"ನಾನೇ. ಯಾಕೆ?" ಎಂದೆ, ಎದೆ ಸೆಟೆಸಿ.

"ಏನಿಲ್ಲ. ಯಾರೋ ಹಿರಿಯರು ತೀರ್ಕೊಂಡಿದ್ದಾರೆ. ಅವ್ರ ಅಗಲಿಕೆಗೆ ಊರಿನ ಗಣ್ಯರೆಲ್ಲ ತೀವ್ರ 'ಸಂತೋಷ' ವ್ಯಕ್ತಪಡಿಸಿದ್ದಾರೆ ಅಂತಿದೆ. ಸಂತಾಪ ಅಂತ ಇರ್ಬೇಕಿತ್ತೇನೋ ಅಂದ್ಕೊಂಡೆ. ಅಥವಾ ಮನುಷ್ಯ ಅಂಥವನೇ ಇದ್ನೋ!"

ಅಡುಗೆಮನೆಯಿಂದ ನನ್ನ ಹೆಂಡತಿ ಕಿಸಕ್ಕೆಂದಳು. ಇಪ್ಪತ್ತೆಂಟು ವರ್ಷಗಳ ಕೀರ್ತಿ ಒಂದು ನಿಮಿಷದಲ್ಲಿ ಮಣ್ಣುಪಾಲು! ಅದೂ ಒಂದು ತುಂಡು ಗಾಜಿನ ದೆಸೆಯಿಂದ! ಆಗ ಮಾಡಿದ ಪ್ರತಿಜ್ಞೆ ಅದು.

ನನ್ನ ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ನು. ಮೊದಲು ಅತ್ತೆ ಅದರಲ್ಲಿ ಹೊಲಿಯುತ್ತಿದ್ದರು, ಈಗ ಮಗಳು. ಆ ವಾರ ಮೇಜಿನ ಮೇಲೆ ಒಂದು ಉದ್ದನೆಯ ಹಸಿರು ಗೌನು ಅರ್ಧ ಹೊಲಿದು ಬಿದ್ದಿತ್ತು. ವಯೊಲಿನ್ ಕಲಿಯುವ ಒಬ್ಬ ಹುಡುಗಿಯದು. ಮಾರನೆಯ ದಿನ ಬೆಳಿಗ್ಗೆ ಅವಳು ಜೀವನದಲ್ಲಿ ಮೊದಲ ಬಾರಿ ವೇದಿಕೆ ಹತ್ತಿ ಒಬ್ಬಳೇ ನುಡಿಸುವವಳಿದ್ದಳು. ಗೌನು ಕೈಗೆ ಬಂದ ಹೊರತು ನಿದ್ದೆ ಬರುವುದಿಲ್ಲ ಎಂದು ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದಳು.

ಹತ್ತು ಗಂಟೆಗೆ ಹೆಂಡತಿ ಚೀಲ ಹೆಗಲಿಗೇರಿಸಿ ಹೊರಟಳು. "ಗೌನಿಗೆ ಜಿಪ್ಪು, ಅದೇ ಬಣ್ಣದ ದಾರ ತರ್ಬೇಕು. ಎರಡು ಗಂಟೆಗೆಲ್ಲ ಬಂದ್ಬಿಡ್ತೀನಿ."

"ನಿನ್ನ ಮೆಷಿನ್ನು ಕಿರ್ರೋ ಅಂತಿದೆಯಲ್ಲೇ, ನೀನು ಬರೋದ್ರೊಳಗೆ ಎಣ್ಣೆ ಬಿಟ್ಟು ಸರಿ ಮಾಡಿಟ್ಟಿರ್ತೀನಿ" ಎಂದೆ. ಕಳೆದ ಮಾನವನ್ನು ಎಲ್ಲಾದರೂ ಗಳಿಸಬೇಕಲ್ಲ!

ಅವಳು ಹೊಸ್ತಿಲ ಮೇಲೇ ನಿಂತಳು. "ರೀ, ಕೈ ಮುಗೀತೀನಿ, ಮುಟ್ಬೇಡಿ. ಇವತ್ತೇ ಗೌನು ಮುಗೀಬೇಕು."

"ಎಣ್ಣೆ ಬಿಡೋದಕ್ಕೆ ಇಷ್ಟು ರಾಗ ಯಾಕೆ? ನಾಲ್ಕು ಸ್ಕ್ರೂ ಬಿಚ್ಚೋದು, ಹನಿ ಬಿಡೋದು, ಹಾಕೋದು."

"ಬಿಚ್ಚಲೇಬೇಕು ಅಂದ್ರೆ ಒಂದೊಂದು ಬಿಚ್ಚೋ ಮೊದ್ಲು ಅಮ್ಮನ ಫೋನಲ್ಲಿ ಒಂದೊಂದು ಫೋಟೋ ತೆಗೆದಿಟ್ಕೊಳ್ಳಿ. ಯಾವುದು ಎಲ್ಲಿತ್ತು ಅಂತ ಗೊತ್ತಾಗತ್ತೆ."

"ಫೋಟೋನಾ? ನನಗಾ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಅವಳು ನನ್ನನ್ನೊಮ್ಮೆ, ಮೆಷಿನ್ನನ್ನೊಮ್ಮೆ ನೋಡಿದಳು. ಇಬ್ಬರಲ್ಲಿ ಮೆಷಿನ್ನಿನ ಮೇಲೆ ಅವಳಿಗೆ ಹೆಚ್ಚು ಕರುಣೆ ಇದ್ದಂತೆ ಕಂಡಿತು. ಬಸ್ಸಿಗೆ ಹೊತ್ತಾಗಿತ್ತು, ಹೋದಳು.

ನಾನು ಯುದ್ಧಕ್ಕೆ ಇಳಿದೆ! ಸೂಜಿ ಬಿಚ್ಚಿದೆ. ಸೂಜಿಯ ಕೆಳಗಿನ ತಗಡು ಬಿಚ್ಚಿದೆ. ಕೆಳಗಿನ ದಾರ ಸುತ್ತಿದ ಬಾಬಿನ್ ತೆಗೆದೆ, ಅದರ ಕೇಸು ತೆಗೆದೆ. ಅದರ ಹಿಂದೆ ಕೊಕ್ಕಿನಂಥದ್ದೊಂದು, ಶಟಲ್ ಅನ್ನುತ್ತಾರಂತೆ, ಅದನ್ನೂ ಎಳೆದೆ. ಎಲ್ಲವನ್ನೂ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಹರವಿದೆ. ಒಂದೊಂದು ಭಾಗಕ್ಕೂ ಹನಿ ಎಣ್ಣೆ ಸಾಕಿತ್ತು. ನಾನು ಉದಾರಿ. ಮೆಷಿನ್ನಿಗೆ ಎಣ್ಣೆಸ್ನಾನವೇ ಆಯಿತು. ಕನ್ನಡಕಕ್ಕೂ ಸಿಡಿದು ಲೋಕವೆಲ್ಲ ಮಸುಕಾದಾಗ, ಅದನ್ನು ತೆಗೆದು ಸೋಪಿನ ನೀರಿನಲ್ಲಿ ಹಾಕಿಟ್ಟೆ. ಕನ್ನಡಕವಿಲ್ಲದಿದ್ದರೇನು, ಹದ್ದಿಗೆ ಕನ್ನಡಕ ಉಂಟೇ?

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೆಷಿನ್ನಿನ ಮುಖದ ಮೇಲೆ ಒಂದು ಗುಬ್ಬಿ ಕಂಡಿತು. ದಾರ ಎಷ್ಟು ಬಿಗಿಯಾಗಿರಬೇಕು ಎಂದು ನಿರ್ಧರಿಸುವ ಗುಬ್ಬಿ. ಅದನ್ನೂ ತಿರುಗಿಸಿದೆ. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ 'ಟಣ್!' ಒಳಗಿಂದ ಒಂದು ಸ್ಪ್ರಿಂಗು ಮಿಡತೆಯ ಹಾಗೆ ಹಾರಿ ನನ್ನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಯಿತು. ಆಮೇಲೆ ಸದ್ದಿಲ್ಲ. ದಾರವನ್ನು ನಡುವೆ ಹಿಡಿಯುವ ಬಿಲ್ಲೆಗಳೆರಡು ಉರುಳಿ ಹೋಗಿ ಬಾಗಿಲ ಬಳಿ ಮಲಗಿದವು.

ಕೋಣೆಯಿಡೀ ನಾಲ್ಕು ಕಾಲಲ್ಲಿ ತೆವಳಿದೆ. ಬಟ್ಟೆ ಚೂರುಗಳನ್ನು ಜಾಲಾಡಿದೆ. ಗಡಿಯಾರ ಹನ್ನೆರಡು ಹೊಡೆಯಿತು. ಸ್ಪ್ರಿಂಗು ಇಲ್ಲ! ಮೇಜಿನ ಮೇಲೆ ಹಸಿರು ಗೌನು ಒಂದು ತೋಳು ಇಳಿಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ವೇದಿಕೆಯ ಮೇಲೆ ಆ ಹುಡುಗಿ ಒಂದೇ ತೋಳಿನ ಗೌನಿನಲ್ಲಿ ನಿಂತಂತೆ ಕಣ್ಣಿಗೆ ಕಟ್ಟಿತು.

"ಬೀರುವಿನ ಕೆಳಗೆ ಹೋಗಿರತ್ತೆ" ಎಂದಿತು ಬಾಗಿಲಿಂದ ಒಂದು ದನಿ. ಅತ್ತೆ!

"ನೋಡಿದೆ ಅತ್ತೆ. ಮೂರು ಬೆರಳು ಸಂದೂ ಇಲ್ಲ. ತಲೆ ಹೋಗಲ್ಲ."

"ತಲೆ ಯಾಕೆ ಹೋಗ್ಬೇಕು, ಇದು ಹೋಗತ್ತೆ" ಎಂದರು. ಫೋನಿನ ದೀಪ ಹಚ್ಚಿ, ವಿಡಿಯೋ ಒತ್ತಿ, ಅದನ್ನು ಉದ್ದನೆಯ ಮರದ ಅಳತೆಪಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಬೀರುವಿನ ಕೆಳಗೆ ಮೆಲ್ಲನೆ ನೂಕಿ, ಈ ತುದಿಯಿಂದ ಆ ತುದಿಗೆ ಎಳೆದು ಹೊರಗೆ ತೆಗೆದರು. ಒಲೆಯೊಳಗಿಂದ ರೊಟ್ಟಿ ತೆಗೆದಷ್ಟು ಸಲೀಸು!

ಇಬ್ಬರೂ ನೆಲದ ಮೇಲೆ ಕೂತು, ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದೆವು. ಹದಿನೈದು ವರ್ಷ ನನ್ನ ಮನೆಯಲ್ಲೇ ಇದ್ದ, ನಾನು ಒಮ್ಮೆಯೂ ಕಾಣದ ಒಂದು ದೇಶ ಅಲ್ಲಿ ತೆರೆದುಕೊಂಡಿತು! ಧೂಳಿನ ಗುಡ್ಡಗಳು. ಅವುಗಳ ನಡುವೆ ಹೊಲಿಯುವಾಗ ಬೆರಳಿಗೆ ತೊಡುವ, ಎಂದೋ ಕಳೆದುಹೋದ ಬೆರಳುಟೋಪಿ. ಒಂದು ಮೋಟು ಪೆನ್ಸಿಲು. ಅಂಗಿಗಳಿಂದ ತಪ್ಪಿಸಿಕೊಂಡ ಗುಂಡಿಗಳ ಒಂದು ಪುಟ್ಟ ಊರೇ! ಆ ಊರಿನ ಗಡಿಯಲ್ಲಿ, ಬೆಳಕಿಗೆ ಮಿನುಗುತ್ತಾ, ನಮ್ಮ ಸ್ಪ್ರಿಂಗು!

"ಅತ್ತೇ!" ಎಂದೆ.

ಅಳತೆಪಟ್ಟಿಯಿಂದಲೇ ಅದನ್ನು ಗೋರಿ ತೆಗೆದಾಯಿತು. ಇನ್ನು ಜೋಡಿಸುವುದು. ಆಗ ಗೊತ್ತಾಯಿತು, ಬಿಚ್ಚಿದ್ದೆಲ್ಲ ಪತ್ರಿಕೆಯ ಮೇಲೆ ಇದೆ, ಆದರೆ ಯಾವುದು ಯಾವುದರ ಹಿಂದೆ ಎನ್ನುವುದು ನನ್ನ ತಲೆಯಲ್ಲಿ ಇಲ್ಲ. ಅಕ್ಷರಮಾಲೆ ಮರೆತ ಮಗುವಿನ ಹಾಗೆ ಕೂತೆ.

"ಮೆಕ್ಯಾನಿಕ್‌ಗೆ ಫೋನ್ ಮಾಡೋಣ" ಎಂದರು ಅತ್ತೆ. ನಮ್ಮ ಮೆಷಿನ್ನಿನ ರಿಪೇರಿಗೆ ಬರುವವನು ಅವನೇ.

"ಅವನು ತಂಗಿ ಮನೆಗೆ ಹೋಗಿದ್ದಾನಲ್ಲ ಅತ್ತೆ. ಬಸ್ಸಲ್ಲಿ ಮೂರು ಗಂಟೆ ದಾರಿ. ಅಲ್ಲಿಂದ ಅವನಿಗೇನು ಕಾಣ್ಬೇಕು?"

"ಕಾಣತ್ತೆ, ತಾಳಿ."

ಪರದೆಯ ಮೇಲೆ ಮೊದಲು ಒಂದು ಕಿವಿ ಕಾಣಿಸಿತು. ಒಳ್ಳೆಯ ದೊಡ್ಡ ಕಿವಿ. "ಹಲೋ ಯಾರು?" ಎಂದಿತು.

"ಕಿವಿಯಿಂದ ತೆಗೆದು ಮುಂದೆ ಹಿಡಿಯಪ್ಪಾ, ಇದು ವಿಡಿಯೋ" ಎಂದರು ಅತ್ತೆ.

ಕಿವಿ ಹೋಗಿ ಮೆಕ್ಯಾನಿಕ್ಕಿನ ಮುಖ ಬಂತು. ಊಟದ ನಡುವೆ ಇದ್ದ, ಕೆನ್ನೆ ಉಬ್ಬಿತ್ತು. ಅತ್ತೆ ಕ್ಯಾಮೆರಾವನ್ನು ನಿಧಾನವಾಗಿ ಪತ್ರಿಕೆಯ ಮೇಲೆ ಆಡಿಸಿದರು. ಅವನು ಅಗಿಯುವುದನ್ನು ನಿಲ್ಲಿಸಿದ.

"ಅಯ್ಯಯ್ಯೋ! ಯಾರಮ್ಮಾ ಈ ಕೆಲಸ ಮಾಡಿದ್ದು?"

"ನಮ್ಮ ಅಳಿಯಂದ್ರು. ವಿದ್ಯಾವಂತರು" ಎಂದರು ಅತ್ತೆ. ಆ ಎರಡನೆಯ ಮಾತು ಬೇಕಿರಲಿಲ್ಲ.

ಪಾಪ, ಊಟ ಬಿಟ್ಟು ಎದ್ದ. "ಸಾರ್, ಮೊದ್ಲು ಶಟಲ್. ಅದಲ್ಲ, ಅದರ ಎಡಗಡೆದು. ಉಲ್ಟಾ ಹಿಡಿದಿದ್ದೀರಿ. ಹಾಂ. ಅಮ್ಮಾ, ಸ್ವಲ್ಪ ಹತ್ರ. ಸಾರ್, ನಿಮ್ಮ ಬಲಗಾಲ ಹೆಬ್ಬೆರಳ ಕೆಳಗೆ ಏನೋ ಹೊಳೀತಿದೆ ನೋಡಿ."

ಕಾಲೆತ್ತಿದೆ. ಸಾಸಿವೆಗಿಂತ ಚೂರು ದೊಡ್ಡದಾದ ಒಂದು ಸ್ಕ್ರೂ! ನನ್ನ ಕಾಲ ಕೆಳಗಿದ್ದದ್ದು ನನಗೆ ಕಾಣಲಿಲ್ಲ, ಮೂರು ಗಂಟೆ ದಾರಿಯಾಚೆ ಊಟ ಮಾಡುತ್ತಿದ್ದವನಿಗೆ ಕಂಡಿತು! ನಾನು ಆ ಫೋನಿನ ಹಿಂಬದಿಯನ್ನು ನೋಡಿದೆ. ತೊಗರಿಕಾಳಿನಷ್ಟು ಅಗಲದ ಗಾಜು. ಅದರೊಳಗಿನಿಂದ ನಮ್ಮ ಕೋಣೆ, ನನ್ನ ಹೆಬ್ಬೆರಳು, ಸಾಸಿವೆ ಗಾತ್ರದ ಸ್ಕ್ರೂ ಎಲ್ಲವೂ ಹೊರಟು, ಬೆಟ್ಟ ಬಯಲು ದಾಟಿ, ಕಣ್ಣು ಮಿಟುಕಿಸುವುದರೊಳಗೆ ಯಾರದೋ ಊಟದ ಕೋಣೆ ಸೇರುತ್ತಿದ್ದವು.

ಗುಬ್ಬಿಯನ್ನು ಜೋಡಿಸಿ ಬಿಗಿ ಮಾಡಿದೆ. ಮೆಕ್ಯಾನಿಕ್ ತಲೆಯಾಡಿಸಿದ. "ಟೆನ್ಷನ್ ಜಾಸ್ತಿ ಆಯ್ತು ಸಾರ್, ಕಮ್ಮಿ ಮಾಡ್ಕೊಳ್ಳಿ."

"ಹೇಗಪ್ಪಾ ಕಮ್ಮಿ ಮಾಡ್ಕೊಳ್ಳಲಿ? ಎರಡು ಗಂಟೆಗೆ ಅವಳು ಬರ್ತಾಳೆ!"

"ನಿಮ್ಮದಲ್ಲ ಸಾರ್. ದಾರದ್ದು."

ಕೊನೆಗೆ ಎಲ್ಲವೂ ಒಳಗೆ ಹೋಯಿತು. ಒಂದು ಹಳೆಯ ಬಟ್ಟೆ ಚೂರಿಟ್ಟು ತುಳಿದೆ. ಕಿರ್ರೆನ್ನಲಿಲ್ಲ, ಬೆಣ್ಣೆಯ ಹಾಗೆ ಓಡಿತು! ಗೆದ್ದೆ ಎಂದು ಬಟ್ಟೆ ಎಳೆದು ನೋಡಿದರೆ ಸಾಲಾಗಿ ತೂತುಗಳು. ಹೊಲಿಗೆ ಒಂದೂ ಇಲ್ಲ. ಮತ್ತೆ ತುಳಿದೆ. ಮತ್ತೆ ತೂತು. ಗಂಟೆ ಒಂದೂವರೆ. ಮೆಕ್ಯಾನಿಕ್ಕಿನ ಮುಖವೂ ಸಪ್ಪಗಾಯಿತು.

"ಎಲ್ಲ ಸರಿಯಾಗೇ ಕಾಣ್ತಿದೆಯಲ್ಲಾ... ಓಡೋವಾಗ ಒಳಗೆ ಏನಾಗ್ತಿದೆ ಅಂತ ನೋಡ್ಬೇಕಿತ್ತು. ಅದು ಕಣ್ಣಿಗೆಲ್ಲಿ ಸಿಗತ್ತೆ, ಅಷ್ಟು ಜೋರಾಗಿ ಓಡ್ತಿರತ್ತೆ."

"ನಿಧಾನದ ವಿಡಿಯೋ ತೆಗೀಲಾ?" ಎಂದರು ಅತ್ತೆ.

ಅವನು ಪರದೆಗೆ ಇನ್ನಷ್ಟು ಹತ್ತಿರ ಬಂದ. "ಅಮ್ಮಾ, ನೀವು ನಮ್ಮ ಅಂಗಡಿಗೆ ಬಂದ್ಬಿಡಿ" ಎಂದ.

ಸೂಜಿಯ ಪಕ್ಕದ ತಗಡನ್ನು ಸರಿಸಿದೆವು. ಅತ್ತೆ ಫೋನನ್ನು ಆ ಕಿಂಡಿಯ ಹತ್ತಿರ ಹಿಡಿದರು, ಉಸಿರು ಬಿಗಿ ಹಿಡಿದು. ನಾನು ತುಳಿದೆ. ಐದು ಸೆಕೆಂಡು. ನಂತರ ಅವರು ಅದನ್ನು ತೋರಿಸಿದರು.

ಓದುಗರೇ, ನಾನು ಕಂಡದ್ದನ್ನು ಹೇಗೆ ಹೇಳಲಿ! ಟಕಟಕ ಎಂದು ಕಣ್ಣಿಗೆ ಗೆರೆಯಾಗಿ ಮಾತ್ರ ಕಾಣುತ್ತಿದ್ದ ಸೂಜಿ, ಆ ಪರದೆಯ ಮೇಲೆ ಮೆಟ್ಟಿಲಿಳಿಯುವ ತುಂಬು ಬಸುರಿಯ ಹಾಗೆ ಒಂದೊಂದೇ ಹೆಜ್ಜೆ ಇಳಿದು ಬಂತು. ಕೆಳಗೆ ಮುಟ್ಟಿ ಕೂದಲೆಳೆಯಷ್ಟು ಮೇಲೆ ಸರಿಯಿತು. ಆಗ ಅದರ ಬಗಲಲ್ಲಿ ದಾರ ಉಬ್ಬಿ, ಒಂದು ಪುಟ್ಟ ಕುಣಿಕೆಯಾಗಿ ಅರಳಿತು. ಅಷ್ಟು ಹೊತ್ತಿಗೆ ಶಟಲಿನ ಕೊಕ್ಕು ಸುತ್ತಿ ಬಂತು, ಕುಣಿಕೆಯನ್ನು ಹುಡುಕುತ್ತಾ. ಆದರೆ ಕುಣಿಕೆ ಇದ್ದದ್ದು ಸೂಜಿಯ ಆ ಕಡೆ, ಕೊಕ್ಕು ಹಾದುಹೋದದ್ದು ಈ ಕಡೆ. ರಸ್ತೆಯ ಎರಡು ಬದಿಯಲ್ಲಿ ನಿಂತು ಒಬ್ಬರಿಗೊಬ್ಬರು ಕಾದು, ಸಿಗದೆ ಮನೆಗೆ ಹೋದ ಪ್ರೇಮಿಗಳ ಹಾಗೆ!

ವಿಡಿಯೋ ಮೆಕ್ಯಾನಿಕ್ಕಿಗೂ ಹೋಯಿತು. ನೋಡಿದವನೇ ತೊಡೆ ತಟ್ಟಿದ. "ಸಾರ್! ಸೂಜಿ ಹಿಂದುಮುಂದು ಹಾಕಿದ್ದೀರಿ!"

"ಸೂಜಿಗೆ ಹಿಂದೆ ಮುಂದೆ ಬೇರೆ ಇರತ್ತಾ?"

"ಮೇಲ್ತುದೀಲಿ ಒಂದು ಕಡೆ ಚಪ್ಪಟೆ ಇರತ್ತೆ ಸಾರ್, ಬೆರಳಲ್ಲಿ ಮುಟ್ಟಿದ್ರೂ ಗೊತ್ತಾಗತ್ತೆ."

ಅರ್ಧ ಅಕ್ಷರದ ತಪ್ಪು ಹಿಡಿಯುವವನಿಗೆ ಇಡೀ ಸೂಜಿಯ ಬೆನ್ನು ಕಂಡಿರಲಿಲ್ಲ! ಸೂಜಿಯನ್ನು ತಿರುಗಿಸಿ ಹಾಕಿದೆ. ಅತ್ತೆ ಮತ್ತೊಮ್ಮೆ ಹಿಡಿದರು, ನಾನು ಮತ್ತೊಮ್ಮೆ ತುಳಿದೆ.

ಈ ಸಲ ಕುಣಿಕೆ ಅರಳಿತು, ಕೊಕ್ಕು ಬಂತು, ಕುಣಿಕೆಯನ್ನು ಮೆಲ್ಲಗೆ ಎತ್ತಿಕೊಂಡಿತು. ಇಡೀ ಬಾಬಿನ್ನಿನ ಸುತ್ತ ಅದನ್ನು ಪ್ರದಕ್ಷಿಣೆ ಹಾಕಿಸಿತು. ಕೆಳಗಿನ ದಾರವನ್ನು ಅದರ ತೋಳಲ್ಲಿ ಇಟ್ಟು ಬಿಟ್ಟಿತು. ಎರಡೂ ಒಟ್ಟಿಗೆ ಮೇಲೆದ್ದು ಬಟ್ಟೆಯೊಳಗೆ ಸೇರಿಕೊಂಡವು. ಒಂದು ಹೊಲಿಗೆ! ನಾನು ಹಾಕಿಕೊಂಡಿದ್ದ ಅಂಗಿಯಲ್ಲಿ ಅಂಥವು ಎಷ್ಟು ಸಾವಿರವಿದ್ದವೋ! ಒಂದೊಂದಕ್ಕೂ ಒಳಗೆ ಇಷ್ಟು ದೊಡ್ಡ ಸಂಭ್ರಮ ನಡೆದಿತ್ತೇ?

ಅತ್ತೆ ಅದನ್ನು ಮತ್ತೆ ಹಾಕಿದರು. ಮತ್ತೆ. ನಾಲ್ಕನೆಯ ಸಲವೂ ಹಾಕಿದಾಗ ಅವರ ಮುಖ ನೋಡಿದೆ.

"ಮೂವತ್ತೊಂದು ವರ್ಷ ತುಳಿದಿದ್ದೀನಿ ಇದನ್ನ" ಎಂದರು ಮೆಲ್ಲಗೆ. "ಕಾಲು ಊದ್ಕೊಳ್ಳೋ ತನಕ ತುಳಿದಿದ್ದೀನಿ. ಒಳಗೆ ಹೀಗೆ ನಡೀತಿತ್ತು ಅಂತ ಒಂದಿನಾನೂ ಗೊತ್ತಿರ್ಲಿಲ್ಲ, ಅಳಿಯಂದ್ರೇ."

ಬೆಳಿಗ್ಗೆ ಮಾಡಿದ ಪ್ರತಿಜ್ಞೆ ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ! ಬೀರುವಿನ ಕೆಳಗೆ ಹುಡುಕಿದರೂ ಸಿಗುತ್ತಿರಲಿಲ್ಲ.

ಹೆಂಡತಿ ಸರಿಯಾಗಿ ಎರಡಕ್ಕೆ ಬಂದಳು. ಬಂದವಳೇ ಮೂಗರಳಿಸಿ, "ಏನ್ರೀ ಎಣ್ಣೆ ವಾಸನೆ?" ಎಂದಳು. ಮೆಷಿನ್ನಿನ ಮುಂದೆ ಕೂತು ತುಳಿದಳು. ಕಿರ್ರೆನ್ನಲಿಲ್ಲ. ಹುಬ್ಬೇರಿಸಿದಳು. "ಪರ್ವಾಗಿಲ್ವೇ! ನಿಜವಾಗ್ಲೂ ಎಣ್ಣೆ ಬಿಟ್ಟಿದ್ದೀರಿ! ಬಿಚ್ಚಿ ಹಾಳು ಮಾಡ್ತೀರೇನೋ ಅಂದ್ಕೊಂಡಿದ್ದೆ."

ಅತ್ತೆ ತುಟಿ ಬಿಚ್ಚಲಿಲ್ಲ. ದೊಡ್ಡ ಮನಸ್ಸು! ನಾನೂ ಹಾಗೇ ಇದ್ದಿದ್ದರೆ ಆಗಿತ್ತು. ಹೊಗಳಿಕೆ ಜೇಬಿಗಿಳಿಸಿಕೊಂಡು ಗೌರವವಾಗಿ ಆಚೆ ಹೋಗಬಹುದಿತ್ತು. ಆದರೆ ಕಂಡ ಬೆರಗು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ!

"ಅದಿರಲಿ ಕಣೇ, ಇದನ್ನ ನೋಡು! ದಿನಾ ನೀನೇನು ಮಾಡ್ತಿದ್ದೀಯ ಅಂತ ನಿನಗೇ ಗೊತ್ತಿಲ್ಲ!" ಎಂದು ಅತ್ತೆಯ ಫೋನು ಕಸಿದು ಅವಳ ಮುಖದ ಮುಂದೆ ಹಿಡಿದೆ.

ಅವಳು ನೋಡಿದಳು. ಅವಳ ಬಾಯಿಯೂ ತೆರೆಯಿತು. ಎರಡು ಸಲ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ತುಂಬಾ ಚೆನ್ನಾಗಿದೆ. ಆದ್ರೆ ರೀ, ಎಣ್ಣೆ ಬಿಡೋವ್ರು ಮೆಷಿನ್ನಿನ ಹೊಟ್ಟೆಯೊಳಗಿನ ವಿಡಿಯೋ ಯಾಕೆ ತೆಗೆದ್ರಿ?"

ತೀರಿತು. ಸ್ಪ್ರಿಂಗಿನಿಂದ ಸೂಜಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಬಯ್ಯಲು ಅವಳಿಗೆ ಹೊತ್ತಿರಲಿಲ್ಲ, ಗೌನಿನ ಹೊತ್ತು ಅದು. "ಆಮೇಲೆ ಇದೆ ನಿಮಗೆ" ಎಂದು ತುಳಿಯತೊಡಗಿದಳು. ನಾನು ಪಕ್ಕದಲ್ಲೇ ಕೂತು ನೋಡಿದೆ. ಇಷ್ಟು ವರ್ಷ ಆ ಸದ್ದಿಗೆ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿದವನು, ಅಂದು ಸಂಜೆಯ ತನಕ ಎದ್ದು ಹೋಗಲಿಲ್ಲ. ಅವಳು ಬಟ್ಟೆ ತಿರುಗಿಸಿದಾಗಲೆಲ್ಲ ನನಗೆ ಒಳಗಿನ ಕುಣಿಕೆ, ಕೊಕ್ಕು ಕಣ್ಣ ಮುಂದೆ ಬರುತ್ತಿದ್ದವು.

ಐದೂವರೆಗೆ ಗೌನು ಮುಗಿಯಿತು. ಹಸಿರು ಹೊಳೆಯ ಹಾಗೆ ಇಳಿಬಿದ್ದಿತ್ತು! ಅಷ್ಟರಲ್ಲಿ ವಯೊಲಿನ್ ಹುಡುಗಿಯ ಫೋನು. "ಅಕ್ಕಾ, ನಾನಿನ್ನೂ ಅಭ್ಯಾಸದಲ್ಲೇ ಇದ್ದೀನಿ, ಎಂಟು ಗಂಟೆಗೆ ಬಂದು ತಗೊಂಡು ಹೋಗ್ತೀನಿ. ಅಲ್ಲಿ ತನಕ ಒಂದೇ ಒಂದು ಫೋಟೋ ಕಳಿಸಿ, ಪ್ಲೀಸ್. ನೋಡಿದ್ರೆ ನೆಮ್ಮದಿಯಾಗಿ ನುಡಿಸ್ತೀನಿ."

"ನಾನು ತೆಗೀತೀನಿ!" ಎಂದು ನೆಗೆದೆ.

"ನೀವಾ?" ಎಂದಳು ಹೆಂಡತಿ.

"ಇಡೀ ದಿನ ಅತ್ತೆ ಪಕ್ಕದಲ್ಲಿ ಕೂತು ಕಲಿತಿದ್ದೀನಿ ಕಣೇ. ಒತ್ತೋದು, ಕಳಿಸೋದು, ಅಷ್ಟೇ ತಾನೆ?"

ಬಾಲ್ಕನಿಗೆ ಹೋದೆವು. ಅವಳು ಗೌನನ್ನು ಹ್ಯಾಂಗರಿಗೆ ಹಾಕಿ, ನೆಲ ತಾಗದಂತೆ ತಲೆಗಿಂತ ಮೇಲೆತ್ತಿ ಹಿಡಿದು ಅದರ ಹಿಂದೆ ಮರೆಯಾದಳು. ನಾನು ಅವಳ ಫೋನು ಹಿಡಿದೆ. ಇಳಿಬಿಸಿಲು ಪರದೆಯ ಮೇಲೆ ಬಿದ್ದು ಏನೂ ಕಾಣಲಿಲ್ಲ. ಕನ್ನಡಕ ಇನ್ನೂ ಸೋಪಿನ ನೀರಿನಲ್ಲಿತ್ತು. ಪರದೆ ಯಾಕೆ ಬೇಕು? ಎದುರಿಗೆ ಗೌನೇ ಇದೆಯಲ್ಲ! ಫೋನಿನ ಮೇಲಿನಿಂದ ಅದನ್ನೇ ನೋಡುತ್ತಾ ಒತ್ತಿದೆ. ಬಿಸಿಲು ಒಂದೊಂದು ನೆರಿಗೆಯಲ್ಲೂ ಇಳಿದು, ಕನ್ನಡಕವಿಲ್ಲದ ಕಣ್ಣಿಗೂ ಹೊಡೆಯುವಂತಿತ್ತು. "ಆಹಾ! ಅಬ್ಬಾ! ಅಲ್ಲಾಡಬೇಡ! ಓಹೋ!" ಎನ್ನುತ್ತಾ ಒತ್ತಿದ್ದೇ ಒತ್ತಿದ್ದು. ಒಂದು ಕೇಳಿದವಳಿಗೆ ಹದಿನೇಳು! ಉಗುರಗಲದ ಚಿತ್ರಗಳು ಮಸುಕಾಗಿ ಸಾಲುಗಟ್ಟಿ ಬಂದವು. ಎಲ್ಲವನ್ನೂ ಆರಿಸಿ, ಅತ್ತೆ ತೋರಿಸಿದ್ದ ಬಾಣದ ಗುರುತು ಒತ್ತಿ ಕಳಿಸಿಯೇಬಿಟ್ಟೆ. ಎದೆ ಉಬ್ಬಿತು.

ಎರಡು ನಿಮಿಷದಲ್ಲಿ ಉತ್ತರ ಬಂತು. ಹೆಂಡತಿ ಗೌನನ್ನು ಗೂಟಕ್ಕೆ ಹಾಕಿ, ಫೋನು ತೆಗೆದುಕೊಂಡು ಗಟ್ಟಿಯಾಗಿ ಓದಿದಳು:

"ಅಕ್ಕಾ, ಗೌನು ಎಲ್ಲೂ ಕಾಣ್ತಿಲ್ಲ. ಹದಿನೇಳು ಫೋಟೋದಲ್ಲೂ ಒಬ್ರು ಅಂಕಲ್ ಬಾಯಿ ತೆರ್ಕೊಂಡು ನಿಂತಿದ್ದಾರೆ. ಅವ್ರಿಗೆ ಏನೂ ಆಗಿಲ್ಲ ತಾನೆ?"

ಬಸ್ಸಿನಲ್ಲಿ ಬರುವಾಗ ಕಣ್ಣಿಗೆ ಧೂಳು ಬಿತ್ತೆಂದು ಹೆಂಡತಿ ಫೋನನ್ನೇ ಕನ್ನಡಿ ಮಾಡಿಕೊಂಡಿದ್ದಳಂತೆ. ಕ್ಯಾಮೆರಾ ಹಾಗೇ ಹಿಡಿದವರ ಕಡೆ ತಿರುಗಿಕೊಂಡಿತ್ತು. ಅತ್ತೆ ಬಂದು ಒಂದು ಚಿತ್ರ ಹಿಗ್ಗಿಸಿ ನೋಡಿದರು. ನನ್ನ ಬಾಯೊಳಗಿನ ಕಿರುನಾಲಿಗೆಯೂ ಸ್ಪಷ್ಟವಾಗಿ ಕಂಡಿತು.

ಹೆಂಡತಿ ನನ್ನ ಮುಖವನ್ನೇ ನೋಡುತ್ತಾ, ಒಂದೊಂದು ಮಾತನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಉತ್ತರ ಬರೆದಳು:

"ಏನೂ ಆಗಿಲ್ಲಮ್ಮಾ, ಗಾಬರಿ ಆಗ್ಬೇಡ. ಗೌನು ಪೂರ್ತಿ ಮುಗಿದಿದೆ. ಇವ್ರ ಬಾಯಿಗೇ ಇನ್ನೆರಡು ಹೊಲಿಗೆ ಬಾಕಿ ಇದೆ!"